ನೆರಳಿಗೂ ಕಾಲೈತೆ

ನಾಯಿ ಕಂಡರೆ ರಸ್ತೆಯ ಆಚೆ ಬದಿಗೆ ದಾಟುವವರ ಪೈಕಿ ನಾನು. ಅಂಥವನನ್ನು ಸರಕಾರ ಹುಡುಕಿ ಹುಡುಕಿ ಅರಸೀಕೆರೆಯ ಪಶು ಆಸ್ಪತ್ರೆಗೆ ಗುಮಾಸ್ತನನ್ನಾಗಿ ಹಾಕಿತು. ಹಾರನಹಳ್ಳಿಯಲ್ಲಿ ನಮ್ಮ ತಾತ, ದೊಡ್ಡಪ್ಪ ಎಲ್ಲ ದೇವರ ಪೂಜೆ ಮಾಡಿಕೊಂಡಿದ್ದವರು. ನಮ್ಮ ಮನೆಯಲ್ಲಿ ನಾಲ್ಕು ಕಾಲಿನದ್ದು ಅಂತ ಇದ್ದದ್ದು ಕೊಟ್ಟಿಗೆಯ ಹಸು, ನಡುಮನೆಯ ಮಂಚ, ಎರಡೇ. ಕೆಲಸಕ್ಕೆ ಸೇರಿದ ಮೊದಲ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕರುವಿನ ಗಾತ್ರದ ನಾಯಿಯೊಂದು ಮಲಗಿತ್ತು. ನಾನು ಊಟದ ಡಬ್ಬಿಯ ಚೀಲವನ್ನು ಎದೆಗವಚಿಕೊಂಡು ಅರ್ಧ ಗಂಟೆ ಬೇವಿನ ಮರದ ಕೆಳಗೆ ನಿಂತಿದ್ದೆ. ಒಳಗಿನಿಂದ ಒಬ್ಬ ಹೆಂಗಸು ಬಂದರು. ಕುಳ್ಳಗೆ, ಗಟ್ಟಿ ಮೈಕಟ್ಟು. ಸೀರೆಯ ಸೆರಗನ್ನು ಸುತ್ತಿ ಸೊಂಟಕ್ಕೆ ಬಿಗಿದಿದ್ದರು.

"ಹೊಸಾ ಗುಮಾಸ್ತ್ರಾ? ಬನ್ನಿ ಐನೋರೇ. ಅದುಕ್ಕೆ ಕಾಮಾಲೆ ಆಗೈತೆ. ನಿಮ್ಮನ್ನ ಕಚ್ಚೋವಷ್ಟು ತ್ರಾಣ ಅದ್ರಲ್ಲಿಲ್ಲ."

ನನ್ನ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಹಣೆಯ ಗಂಧ ನೋಡಿ ಐನೋರೇ ಅಂದರು. ಹನ್ನೊಂದು ವರ್ಷ ಹಾಗೇ ಕರೆದರು. ಹೋದ ತಿಂಗಳು ನಿವೃತ್ತರಾಗಿ ಮಾದಿಹಳ್ಳಿಯ ತಮ್ಮ ಮನೆಗೆ ಹೊರಟಾಗಲೂ "ಬತ್ತೀನಿ ಐನೋರೇ" ಅಂದೇ ಹೊರಟರು. ನಿಮ್ಮ ಬಗ್ಗೆ ಬರೆಯುತ್ತೇನೆ ಅಂದದ್ದಕ್ಕೆ ಒಂದೇ ಷರತ್ತು ಹಾಕಿದರು, ಹೆಸರು ಹಾಕಬಾರದು ಅಂತ. ಹಾಗಾಗಿ ಇಲ್ಲಿ ಅವರು ಬರೀ ಮೇಡಂ.

ಮೇಡಂ ಜಾನುವಾರು ಅಧಿಕಾರಿ. ಡಾಕ್ಟರಲ್ಲ. ಜನ ಡಾಕ್ಟ್ರಮ್ಮ ಅಂದರೆ ಅಲ್ಲೇ ತಿದ್ದುತ್ತಿದ್ದರು, "ಡಾಕ್ಟ್ರು ಒಳಗವ್ರೆ. ನಾನು ಓಡಾಡೋಳು" ಎಂದು. ಓಡಾಟವಂತೂ ನಿಜ. ವರ್ಷದ ಬಹುಪಾಲು ದನಕ್ಕೆ ಲಸಿಕೆ, ಕುರಿಗೆ ಜಂತುಹುಳದ ಔಷಧಿ ಅಂತ ಹಳ್ಳಿ ಸುತ್ತುವುದು. ಶಿವರಾತ್ರಿ ಕಳೆದು ಬಿಸಿಲೇರಿತೆಂದರೆ ಇನ್ನೊಂದು ಕೆಲಸ ಹೆಗಲೇರುತ್ತಿತ್ತು. ಸಾಕಿದ ನಾಯಿಯನ್ನು ಬಿಸಿಲಲ್ಲಿ ಕಟ್ಟಿದ್ದಾರೆ, ಬೆಕ್ಕನ್ನು ಗೋದಾಮಿನಲ್ಲಿ ಕೂಡಿ ಬೀಗ ಹಾಕಿದ್ದಾರೆ, ಮೊಲದ ಗೂಡನ್ನು ಶೀಟಿನ ಮನೆಯ ಮಾಡಿಗೆ ನೇತುಹಾಕಿದ್ದಾರೆ ಅಂತ ಬರುವ ದೂರುಗಳಿಗೆಲ್ಲ ಹೋಗಿ ಪ್ರಾಣಿಗಳನ್ನು ಬಿಡಿಸಿ ತರುವ ಕೆಲಸ. ಅರಸೀಕೆರೆ ಮೊದಲಿಂದಲೂ ಒಣ ಊರು, ಬಿಸಿಲು ನಮಗೆ ಹೊಸದಲ್ಲ. ಆದರೆ ಈಚಿನ ಬೇಸಿಗೆಗಳ ರೀತಿಯೇ ಬೇರೆ. ಮಧ್ಯಾಹ್ನ ರೈಲ್ವೆ ಸ್ಟೇಷನ್ನಿನಿಂದ ಪೇಟೆಗೆ ನಡೆದು ಬಂದವನಿಗೆ ತನ್ನ ಹೆಸರು ನೆನಪಾಗಲು ಸ್ವಲ್ಪ ಹೊತ್ತು ಬೇಕು. ಊರೆಲ್ಲ ಬಾಗಿಲು ಹಾಕಿಕೊಂಡು ಮಲಗುವ ಆ ಹೊತ್ತಿಗೇ ಮೇಡಂ ಸ್ಕೂಟರ್ ಹೊರಡುತ್ತಿತ್ತು. ಕಾಲ ಬಳಿ ಎರಡು ಕ್ಯಾನ್ ನೀರು, ಹಿಂದಿನ ಸೀಟಿಗೆ ಹಗ್ಗದಲ್ಲಿ ಕಟ್ಟಿದ ಒಂದು ಬಿದಿರಿನ ಮೊರ.

ಮೊರ ಯಾಕೆ ಅಂತ ನಾನೂ ಕೇಳಿದ್ದೆ. "ಕರೆಂಟಿಲ್ದೆ ತಿರುಗೋ ಫ್ಯಾನು" ಅಂದರು. ಬಿಸಿಲು ಬಡಿದ ನಾಯಿಯ ಹೊಟ್ಟೆಗೆ, ತೊಡೆಯ ಸಂದಿಗೆ, ಪಾದಕ್ಕೆ ನೀರು ಹಾಕಿ ಮೊರದಲ್ಲಿ ಬೀಸುವುದು ಅವರ ಪದ್ಧತಿ. ಮೈಮೇಲಿನ ನೀರು ಆರುವಾಗ ಒಳಗಿನ ಕಾವನ್ನೂ ಹೊತ್ತುಕೊಂಡು ಹೋಗುತ್ತದಂತೆ. ರಾಗಿ ಕೇರಿ ಪಳಗಿದ ಕೈ ಅದು. ಕಾಲು ಗಂಟೆ ಬೀಸಿದರೂ ಒಂದೇ ಸಮ ಇರುತ್ತಿತ್ತು.

ಯಾವ ಮನೆಗೆ ಹೋದರೂ ಜನ ಹೇಳುತ್ತಿದ್ದದ್ದು ಒಂದೇ ಮಾತು, "ನೆರಳಲ್ಲೇ ಕಟ್ಟಿದ್ದೀವಲ್ಲ ಮೇಡಂ."

"ಎಷ್ಟೊತ್ಗೆ ಕಟ್ಟಿದ್ರಿ?"

"ಬೆಳಿಗ್ಗೆ."

"ನೆರಳಿಗೂ ಕಾಲೈತೆ ಕಣ್ರೀ. ಅದು ನಡ್ಕಂಡು ಆಚೆಗೋಯ್ತು. ನಿಮ್ಮ ನಾಯಿಗೆ ಸರಪಣಿ ಐತೆ, ಅದೆಂಗೆ ಹಿಂದೆ ಹೋದಾತು?"

ಈ ಮಾತು ನನಗೆ ಎಷ್ಟು ಹಿಡಿಸಿತೆಂದರೆ, ನಾನೇ ಅದನ್ನು ದಪ್ಪಕ್ಷರದಲ್ಲಿ ಟೈಪ್ ಮಾಡಿ, ಕೆಳಗೆ ದೂರಿನ ಫೋನ್ ನಂಬರ್ ಹಾಕಿ, ಜೆರಾಕ್ಸ್ ಮಾಡಿಸಿ, ನಮ್ಮ ಬೀದಿಯ ನ್ಯಾಯಬೆಲೆ ಅಂಗಡಿಯ ಗೋಡೆಗೆ ಅಂಟಿಸಿ ಬಂದೆ. ಪರೋಪದೇಶ ಪಾಂಡಿತ್ಯ ನಮ್ಮ ವಂಶಕ್ಕೆ ಬಂದ ಆಸ್ತಿ.

ಮೇಡಂಗೆ ದೊಡ್ಡವರು, ಚಿಕ್ಕವರು ಅನ್ನುವ ಭೇದ ಇತ್ತು, ಆದರೆ ಊರಿನವರಿಗಿದ್ದ ಹಾಗಲ್ಲ, ತಿರುಗುಮುರುಗು. ಒಮ್ಮೆ ಬ್ಯಾಂಕಿನ ಮ್ಯಾನೇಜರೊಬ್ಬರು ಹನ್ನೊಂದು ಗಂಟೆ ಬಿಸಿಲಲ್ಲಿ ತಮ್ಮ ದಪ್ಪ ನಾಯಿಯನ್ನು ಬಿ.ಎಚ್. ರಸ್ತೆಯಲ್ಲಿ ವಾಕಿಂಗ್ ಕರೆದುಕೊಂಡು ಹೊರಟಿದ್ದರು. ನಾಯಿ ಒಂದೊಂದೇ ಕಾಲೆತ್ತಿ ಕುಣಿಯುತ್ತಿತ್ತು. ಮೇಡಂ ಸ್ಕೂಟರ್ ನಿಲ್ಲಿಸಿದರು. ಸಾಲದ ಕೆಲಸಕ್ಕೆ ಅಂತ ಅದೇ ಬ್ಯಾಂಕಿಗೆ ಹೊರಟಿದ್ದ ನಾನು ಹಿಂದಿನ ಸೀಟಿನಲ್ಲಿದ್ದೆ.

"ಸಾರ್, ಒಂದ್ನಿಮಿಷ ಚಪ್ಲಿ ಬಿಡಿ."

"ಯಾಕ್ರೀ?"

"ಬಿಡಿ ಸಾರ್, ಹೇಳ್ತೀನಿ."

ಅಧಿಕಾರದ ದನಿ ಅದು, ಪಾಪ ಬಿಟ್ಟರು. ಟಾರಿನ ಮೇಲೆ ಪಾದ ಇಟ್ಟವರೇ ನಾಯಿಗಿಂತ ಎತ್ತರಕ್ಕೆ ಕುಣಿದರು. "ಅದು ವಾಕಿಂಗ್ ಮಾಡ್ತಿಲ್ಲ ಸಾರ್, ಹಂಚಿನ ಮೇಲೆ ಓಡ್ತಾ ಐತೆ" ಅಂದು ಮೇಡಂ ಹೊರಟೇಬಿಟ್ಟರು. ನನ್ನ ಸಾಲದ ಅರ್ಜಿಯ ಗತಿ ಏನಾಯಿತು ಅನ್ನುವುದು ಇಲ್ಲಿ ಬೇಡ.

ಅದೇ ವಾರ ಹಾರನಹಳ್ಳಿ ರಸ್ತೆಯ ಬದಿಯಲ್ಲಿ ತಗಡಿನ ಗುಡಿಸಲೊಂದರ ಮುಂದೆ ಬಿಸಿಲಲ್ಲೇ ಕಟ್ಟಿದ್ದ ನಾಯಿ ಕಂಡಿತು. ಕಾಯಿ ಸುಲಿಯುವ ಕೂಲಿಯವಳ ಮನೆ. ಅವಳು ಹೆದರಿ ಕೈಮುಗಿದು ನಿಂತಳು. ಮೇಡಂ ಅವಳಿಗೆ ಒಂದು ಮಾತೂ ಅನ್ನಲಿಲ್ಲ. ಪಕ್ಕದ ತೋಟದಿಂದ ನಾಲ್ಕು ತೆಂಗಿನ ಗರಿ ಎಳೆದು ತಂದು, ಕುಕ್ಕರಗಾಲಲ್ಲಿ ಕೂತು ಹೆಣೆದರು. ಇಬ್ಬರೂ ಸೇರಿ ನಾಯಿಯ ಮೇಲೊಂದು, ಗುಡಿಸಲಿನ ತಗಡಿನ ಮೇಲೊಂದು ಹೊದಿಸಿದರು. "ಒಳಗೆ ನಿನ್ನ ಕೂಸೂ ಬೇಯ್ತಾ ಇತ್ತಲ್ಲವ್ವ, ಅದುಕ್ಕೂ ಆಯ್ತು" ಅಂದರು. ಬೈಗುಳವೇನಿದ್ದರೂ ಚಪ್ಪಲಿ ಇದ್ದವರಿಗೆ.

ಹಳೇಬೀಡಿನ ಕಥೆ ಹೇಳದಿದ್ದರೆ ಮೇಡಂ ಪೂರ್ತಿ ಆಗುವುದಿಲ್ಲ. ಅಲ್ಲೊಂದು ಲಸಿಕೆ ಶಿಬಿರ ಮುಗಿಸಿ ನಾವಿಬ್ಬರೂ ದೇವಸ್ಥಾನದ ಹೊರಗೆ ಎಳನೀರು ಕುಡಿಯುತ್ತಿದ್ದೆವು. ವಾಹನ ನಿಲ್ಲಿಸುವ ಜಾಗದಲ್ಲಿ ಒಂದು ಬಿಳಿ ಕಾರಿನ ಸುತ್ತ ಜನ ಸೇರಿದ್ದರು. ಗಾಜು ಪೂರ್ತಿ ಏರಿಸಿದೆ, ಒಳಗೆ ಹಿಂದಿನ ಸೀಟಿನಲ್ಲಿ ಕಂದು ಬಣ್ಣದ ನಾಯಿ ಬಾಯಿ ತೆರೆದು ಬಿದ್ದಿದೆ. ಮಾಲೀಕರು ಹತ್ತು ನಿಮಿಷ ಅಂತ ಹೇಳಿ ಒಳಗೆ ಹೋದರಂತೆ. ಹಳೇಬೀಡಿನಲ್ಲಿ ಯಾರು ಹತ್ತು ನಿಮಿಷಕ್ಕೆ ವಾಪಸು ಬಂದಿದ್ದಾರೆ? ಗೈಡು ಕೆಳಗಿನ ಆನೆಸಾಲು ತೋರಿಸುವುದಕ್ಕೇ ಅರ್ಧ ಗಂಟೆ ಬೇಕು. ಮೇಡಂ ಗೈಡುಗಳಿಗೆ ಕೂಗಿ ಹೇಳಿದರು, ಅವರು ಒಬ್ಬರಿಗೊಬ್ಬರು ಕೂಗಿದರು. ಯಾರೂ ಬರಲಿಲ್ಲ. ನಾಯಿಯ ಕಣ್ಣು ಮೇಲೆ ಸಿಕ್ಕಿಕೊಂಡಿತು. ಆಗ ಮೇಡಂ ಪಕ್ಕದ ಟೆಂಪೋದವನ ಜಾಕ್ ರಾಡು ಕಿತ್ತುಕೊಂಡು, ನಾಯಿ ಇಲ್ಲದ ಬದಿಯ ಕಿಟಕಿಯ ಮೂಲೆಗೆ ಒಂದೇ ಏಟು ಹಾಕಿದರು.

ನಾಯಿಯನ್ನು ಹೊರಗೆ ಎಳೆದು ಮಲಗಿಸಿ ನೀರು ಹಾಕುತ್ತಿದ್ದಂತೆ ಎಳನೀರಿನವನು ಓಡಿಬಂದು, ಕಾಯಿಗಳ ಮೇಲೆ ಹೊದಿಸಿದ್ದ ಒದ್ದೆ ಗೋಣಿಚೀಲವನ್ನು ತಂದು ನಾಯಿಗೆ ಹೊದಿಸಿದ. ಒಳ್ಳೆಯ ಮನಸ್ಸಿನಿಂದಲೇ. ನಮ್ಮ ಕಡೆ ವೀಳ್ಯದೆಲೆಗೂ, ಹೂವಿಗೂ, ಎಳನೀರಿಗೂ ಒದ್ದೆ ಗೋಣಿಯೇ ಮದ್ದಲ್ಲವೇ. ಮೇಡಂ ಅದನ್ನು ಕಿತ್ತು ಎಸೆದ ರಭಸಕ್ಕೆ ಚೀಲ ಹೋಗಿ ಅವನ ಮುಖಕ್ಕೇ ಬಡಿಯಿತು. "ಗೋಣಿ ಹಾಕಬ್ಯಾಡ್ರೋ! ಕಾವು ಒಳಗೇ ನಿಂತು ಬೆಂದೋಯ್ತದೆ!" ಅಂತ ಕೂಗಿದರು. ಅಷ್ಟು ಸಿಟ್ಟು ಯಾಕೆಂದು ಆಗ ನನಗೆ ಅರ್ಥವಾಗಲಿಲ್ಲ.

ನಾಯಿ ತಲೆ ಎತ್ತಿತು. ಆಮೇಲೆ ನಾನು ಮೆಲ್ಲಗೆ, "ಹೊರಡೋಣ ಮೇಡಂ, ಗಾಜು ಒಡೆದದ್ದು ಯಾರು ಅಂತ ಇಲ್ಲಿ ಯಾರೂ ಹೇಳೋದಿಲ್ಲ" ಅಂದೆ. ಮೇಡಂ ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ. "ಒಡೆದೋಳು ನಾನು. ಹೇಳೋಳೂ ನಾನೇ" ಅಂದು ಆ ಕಾರಿನ ಪಕ್ಕ ಮುಕ್ಕಾಲು ಗಂಟೆ ನಿಂತರು. ಮಾಲೀಕರು ಬಂದು ಕೂಗಾಡಿದರು, ಗಾಜಿನ ಮೇಲಿದ್ದ ಪ್ರೀತಿಯನ್ನೆಲ್ಲ ತೋರಿಸಿದರು, ಮೇಲಿನವರಿಗೆ ದೂರು ಬರೆದರು. ವಿವರಣೆ ಕೇಳಿ ನೋಟಿಸ್ ಬಂತು. ನಾನು ಒಂದೂವರೆ ಪುಟದ ಉತ್ತರ ಸಿದ್ಧಮಾಡಿದೆ, ಸದರಿ ಸಂದರ್ಭದಲ್ಲಿ ಅನಿವಾರ್ಯವಾಗಿ, ಸಾರ್ವಜನಿಕರ ಒತ್ತಾಯದ ಮೇರೆಗೆ ಅಂತೆಲ್ಲ. ಅದು ನನ್ನ ವಿದ್ಯೆ, ಯಾವ ತಪ್ಪನ್ನೂ ಕರ್ತೃ ಇಲ್ಲದ ಹಾಗೆ ಬರೆಯಬಲ್ಲೆ. ಮೇಡಂ ಎಲ್ಲಕ್ಕೂ ಅಡ್ಡಗೆರೆ ಎಳೆದು ಕೆಳಗೆ ಬರೆದರು: "ಗಾಜನ್ನು ಒಡೆದವಳು ನಾನು. ನಾಯಿ ಬದುಕಿದೆ." ಅಷ್ಟೇ ಹೋಯಿತು. ಮೇಲಿನವರೂ ಸುಮ್ಮನಾದರು.

ಬರೀ ಹೊಗಳಿದೆ ಅನ್ನಬೇಡಿ. ಮೇಡಂ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಫೈಲು ಕೊಟ್ಟರೆ ಅದು ಸ್ಕೂಟರಿನ ಡಿಕ್ಕಿಯಲ್ಲಿ ಜಂತಿನ ಔಷಧಿಯ ಜೊತೆ ಬೇಸಿಗೆ ಕಳೆಯುತ್ತಿತ್ತು. ಮೂಗಿನ ತುದಿಯಲ್ಲಿ ಕೋಪ. ನನ್ನ ಒಂದು ಒಳ್ಳೆಯ ಕೊಡೆ ತೆಗೆದುಕೊಂಡು ಹೋಗಿ ಯಾವುದೋ ಹೆತ್ತ ನಾಯಿಗೆ ಬಿಡಿಸಿಟ್ಟು ಬಂದರು, ಇನ್ನೂ ಬಂದಿಲ್ಲ. ಇಷ್ಟೆಲ್ಲ ಮಾಡುವವರ ಮನೆಯಲ್ಲಿ ಒಂದು ಬೆಕ್ಕೂ ಇರಲಿಲ್ಲ. ಕೇಳಿದರೆ, "ಸಾಕಿದ್ಮೇಲೆ ಮನೇಲಿರ್ಬೇಕು ಐನೋರೇ. ನಾನೆಲ್ಲಿರ್ತೀನಿ?" ಅನ್ನುತ್ತಿದ್ದರು.

ಅವರ ಇನ್ನೊಂದು ಪದ್ಧತಿ ರಿಜಿಸ್ಟರು. ಇಲಾಖೆ ಕೇಳಿದ್ದಲ್ಲ, ಅವರೇ ಇಟ್ಟುಕೊಂಡದ್ದು. ಬಿಸಿಲಿನಿಂದ ಬಿಡಿಸಿ ತಂದ ಪ್ರತಿ ಪ್ರಾಣಿಗೂ ಅದರಲ್ಲಿ ಒಂದು ಸಾಲು: ಊರು, ಪ್ರಾಣಿ, ಮಾಲೀಕರ ಹೆಸರು, ಏನು ತಪ್ಪಾಯಿತು, ಬದುಕಿತೋ ಸತ್ತಿತೋ. ಅವರು ಹೇಳುವುದು, ನಾನು ಬರೆಯುವುದು, ಕೊನೆಗೆ ಅವರ ಸಹಿ. ಮಾಲೀಕರು ಬಂದು, ಓದಿ, ಪಕ್ಕದಲ್ಲಿ ಸಹಿ ಹಾಕಿ ಪ್ರಾಣಿಯನ್ನು ಕರೆದುಕೊಂಡು ಹೋಗಬೇಕು. ದಂಡವಿಲ್ಲ, ಕೇಸಿಲ್ಲ. ಆ ಸಾಲನ್ನು ಬಾಯಿಬಿಟ್ಟು ಓದುವುದೇ ಶಿಕ್ಷೆ. ಕೌನ್ಸಿಲರ್ ಒಬ್ಬರು ತಮ್ಮ ಹೆಸರು ಬಿಡಿಸಲು ಯಾರ್ಯಾರಿಂದಲೋ ಫೋನ್ ಮಾಡಿಸಿದ್ದರು. "ಒಳ್ಳೇ ಕೆಲ್ಸಕ್ಕೆ ಹೆಸ್ರಿಲ್ದಿದ್ರೂ ನಡೀತದೆ ಸಾರ್. ತಪ್ಪಿಗೆ ಹೆಸ್ರು ಬೇಕು. ಇಲ್ದಿದ್ರೆ ಅದು ಇನ್ನೊಬ್ರ ಮನೆಗೋಯ್ತದೆ" ಅಂದರು ಮೇಡಂ. ಹೆಸರು ಬಿಡಲಿಲ್ಲ. ನಾನು ಒಳಗೊಳಗೇ ಖುಷಿಪಟ್ಟು, ಕೌನ್ಸಿಲರರ ಹೆಸರನ್ನು ಸ್ವಲ್ಪ ದುಂಡಗೇ ಬರೆದೆ.

ಇನ್ನು ನನ್ನ ಸರದಿ.

ನಮ್ಮ ಮನೆಗೆ ಮುತ್ತು ಬಂದದ್ದು ಹೆಂಡತಿಯ ತಮ್ಮನಿಂದ. ಬಿಳಿ, ಮೈತುಂಬ ಕೂದಲು, ಗಿಡ್ಡ ಕಾಲಿನ ಪಮೇರಿಯನ್. ಅವನಿಗೆ ವರ್ಗವಾಯಿತು, ನಾಯಿ ನಮ್ಮ ಪಾಲಿಗೆ ಬಂತು. ಹೆಂಡತಿಗೆ ಅದರ ಮೇಲೆ ಪ್ರಾಣ. ನಾನು ಒಪ್ಪಿದ್ದು ಒಂದು ಕರಾರಿನ ಮೇಲೆ: ಹೊಸ್ತಿಲು ದಾಟಬಾರದು. ದೇವರ ಪೆಟ್ಟಿಗೆ ಇರುವ ಮನೆ, ಮಡಿ ಮೈಲಿಗೆ ನೋಡಬೇಕಲ್ಲ. ಹೀಗಾಗಿ ಅದರ ವಾಸ ವರಾಂಡದಲ್ಲಿ.

ಎರಡು ವರ್ಷದ ಹಿಂದಿನ ಬೇಸಿಗೆ. ಹೆಂಡತಿಯ ಚಿಕ್ಕಪ್ಪನ ಮಗಳ ಮದುವೆ, ಅರೇಹಳ್ಳಿಯಲ್ಲಿ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಸಂಜೆಗೆ ಬರುವುದು ಅಂತ ಲೆಕ್ಕ. ವರಾಂಡದಲ್ಲಿ ಕಟ್ಟಿದರೆ ದಿನವಿಡೀ ಬೊಗಳಿ ಬೀದಿಯವರ ಬಾಯಿಗೆ ಬೀಳುತ್ತೇವೆ ಅಂತ ನಾನು. "ಒಂದು ದಿನ ನಡುಮನೇಲಿ ಬಿಡೋಣ ಕಣ್ರೀ, ಫ್ಯಾನ್ ಹಾಕಿ ಹೋಗೋಣ" ಅಂತ ಅವಳು.

"ದೇವರನ್ನೂ ನಾಯಿಯನ್ನೂ ಒಟ್ಟಿಗೆ ಕೂಡಿಹಾಕಿ ಬೀಗ ಹಾಕ್ತೀಯಾ?" ಅಂದೆ.

ನಾನೇ ತಾರಸಿಗೆ ಒಯ್ದು ನೀರಿನ ಟ್ಯಾಂಕಿನ ಪಡುವಣ ಬದಿಗೆ ಕಟ್ಟಿದೆ. ಹೊತ್ತು ಮೂಡಿದಾಗ ಅಲ್ಲಿ ತಂಪಾದ ಅಗಲ ನೆರಳು ಬೀಳುತ್ತದೆ. ಗೋಡೆ ಹಾರಿ ಬಿದ್ದೀತೆಂದು ಸರಪಣಿ ಗಿಡ್ಡ ಮಾಡಿದೆ. ಪಕ್ಕದಲ್ಲಿ ಬಕೆಟ್ ತುಂಬ ನೀರು, ತಟ್ಟೆಯಲ್ಲಿ ಮೊಸರನ್ನ. ಎಲ್ಲ ಅಚ್ಚುಕಟ್ಟು ಅಂದುಕೊಂಡು ಮೆಟ್ಟಿಲ ಗೇಟಿಗೆ ಬೀಗ ಹಾಕಿದೆ. ಮಧ್ಯಾಹ್ನ ಸೂರ್ಯ ಪಡುವಣಕ್ಕೆ ತಿರುಗುತ್ತಾನೆ, ನೆರಳು ಟ್ಯಾಂಕಿನ ಆಚೆ ಬದಿಗೆ ಹೋಗುತ್ತದೆ ಅನ್ನುವುದನ್ನು ಊರಿಗೆಲ್ಲ ಟೈಪ್ ಮಾಡಿ ಹಂಚಿದವನು ನಾನೇ.

ಅರೇಹಳ್ಳಿಯಲ್ಲಿ ಧಾರೆ ಮುಗಿಯುವುದು ತಡವಾಯಿತು. ಎರಡನೆಯ ಪಂಕ್ತಿಗೆ ಕೂತಾಗ ಎರಡು ಗಂಟೆ ದಾಟಿತ್ತು. ಹೆಂಡತಿ ಪಕ್ಕದ ಎಲೆಯಲ್ಲೇ ಇದ್ದಳು. ಹೋಳಿಗೆ ಬಡಿಸುತ್ತಿದ್ದರು. ಎಲೆಯ ಪಕ್ಕ ಇಟ್ಟಿದ್ದ ಫೋನು ನಡುಗಿತು, ಮೇಡಂ ಹೆಸರು. ರಜೆ ಹಾಕಿ ಬಂದ ದಿನವೂ ಬಿಡುವುದಿಲ್ಲವಲ್ಲ ಅನ್ನಿಸಿತು. ಬಲಗೈ ಎಂಜಲು, ಪಂಕ್ತಿಯ ನಡುವೆ ಏಳಬಾರದು, ಕಾರಣಗಳಿಗೆ ಬರವೇ? ಎಡಗೈಯಲ್ಲಿ ಕರೆ ಕತ್ತರಿಸಿದೆ. ಮತ್ತೆ ಬಂತು, ಮತ್ತೆ ಕತ್ತರಿಸಿದೆ. ಮೂರನೆಯ ಸಲ ಫೋನನ್ನು ಮಗುಚಿ ಹಾಕಿ ಹೋಳಿಗೆಗೆ ತುಪ್ಪ ಹಾಕಿಸಿಕೊಂಡೆ.

ಅರಸೀಕೆರೆಯಲ್ಲಿ ಆಗ ನಡೆದದ್ದು ಇಷ್ಟು. ಎದುರು ಮನೆಯಾಕೆ ತಾರಸಿಯಲ್ಲಿ ಒಣಗಲು ಹಾಕಿದ್ದ ಸಂಡಿಗೆ ತಿರುವಿಹಾಕಲು ಹತ್ತಿದ್ದರು. ನಮ್ಮ ತಾರಸಿಯಲ್ಲಿ ಬಿಳಿಯದೇನೋ ಬಿದ್ದಿದೆ, ಪಕ್ಕದಲ್ಲಿ ಬಕೆಟ್ ಉರುಳಿದೆ. ಸರಪಣಿ ಸಿಕ್ಕಿ ನೀರು ಯಾವಾಗಲೋ ಚೆಲ್ಲಿ ಒಣಗಿಹೋಗಿತ್ತು. ಆಕೆ ನ್ಯಾಯಬೆಲೆ ಅಂಗಡಿಯ ಗೋಡೆಯ ಮೇಲೆ ನೋಡಿದ್ದ ನಂಬರಿಗೆ ಫೋನ್ ಮಾಡಿದರು. ಮೇಡಂ ಬಂದು ಮನೆ ಯಾರದೆಂದು ನೋಡಿ, ಬೀಗದ ಕೈ ಎಲ್ಲಿದೆ ಅಂತ ಕೇಳಲು ನನಗೆ ಫೋನ್ ಮಾಡಿದರು. ಮೂರು ಸಲ. ಆಮೇಲೆ ಗ್ರಿಲ್ ಅಂಗಡಿಯವನನ್ನು ಕರೆಸಿ ಬೀಗ ಒಡೆಸಿದರು.

ನಾವು ಬೇಲೂರಿನಲ್ಲಿ ಬಸ್ಸು ತಪ್ಪಿಸಿಕೊಂಡು ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಗೇಟಿನ ಕೊಂಡಿಗೆ ಒಂದು ಚೀಟಿ ಸಿಕ್ಕಿಸಿತ್ತು, ಕಾಗೆ ಕಾಲಿನ ಅಕ್ಷರ: "ಬೀಗ ಒಡೆಸಿದ್ದೇನೆ. ನಾಯಿ ಆಸ್ಪತ್ರೆಯಲ್ಲಿದೆ." ಕೆಳಗೆ ಸಹಿ.

ಹೆಂಡತಿ ರೇಷ್ಮೆ ಸೀರೆಯಲ್ಲೇ ಓಡಿದಳು. ಆಸ್ಪತ್ರೆಯ ಸಿಮೆಂಟ್ ನೆಲದ ಮೇಲೆ ಮುತ್ತು ಅಡ್ಡ ಮಲಗಿತ್ತು, ಕಾಲಿಗೆ ಡ್ರಿಪ್ಪು. ಡಾಕ್ಟರು ನೋಡಿಕೊಂಡು ಹೋಗಿದ್ದರು, ಈ ರಾತ್ರಿ ಕಳೆದರೆ ಹೇಳಬಹುದು ಅಂದಿದ್ದರಂತೆ. ಮೇಡಂ ಪಕ್ಕದಲ್ಲಿ ಕಾಲು ಚಾಚಿ ಕೂತು ಬೀಸುತ್ತಿದ್ದರು. ಮಧ್ಯಾಹ್ನದಿಂದ ಊಟ ಮಾಡಿದ ಹಾಗಿರಲಿಲ್ಲ. ಹೆಂಡತಿ ಅಲ್ಲೇ ಕುಸಿದು ಮುತ್ತುವಿನ ತಲೆ ಹಿಡಿದುಕೊಂಡು ಅತ್ತಳು. ಆಮೇಲೆ ತಲೆ ಎತ್ತಿ, "ಮೇಡಂ, ಇವರಿಗೊಂದು ಫೋನ್ ಮಾಡಬಾರದಿತ್ತಾ?" ಅಂದಳು.

ಮೇಡಂ ನನ್ನ ಕಡೆ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ಇವತ್ತು ಇದ್ರ ಕಡೆ ನೋಡವ್ವ. ಮಾತು ನಾಳೀಕಿರ್ಲಿ" ಅಂದರು ಮೇಡಂ. ನನ್ನನ್ನು ಕಾಪಾಡಲಿಲ್ಲ, ಹಿಡಿದುಕೊಡಲೂ ಇಲ್ಲ.

ಮುತ್ತು ಬದುಕಿತು. ಬೆಳಿಗ್ಗೆ ಬಾಲದ ತುದಿ ಅಲ್ಲಾಡಿಸಿತು, ಎಂಟು ಗಂಟೆಗೆ ನಾಲ್ಕು ಚಮಚ ಗಂಜಿ ಕುಡಿಯಿತು. ನನ್ನ ಎದೆಯಿಂದ ಕಲ್ಲು ಇಳಿಯಿತು, ಆದರೆ ಅದಕ್ಕಿಂತ ಭಾರದ್ದು ಮೇಜಿನ ಮೇಲೆ ಕಾದಿತ್ತು. ಹತ್ತು ಗಂಟೆಗೆ ರಿಜಿಸ್ಟರು ತೆರೆದು ಬರೆದೆ. ಊರು, ಅರಸೀಕೆರೆ. ಪ್ರಾಣಿ, ನಾಯಿ. ಮಾಲೀಕರ ಹೆಸರಿನ ಜಾಗ ಖಾಲಿ ಬಿಟ್ಟು, ಏನು ತಪ್ಪಾಯಿತು ಅನ್ನುವಲ್ಲಿ ನನ್ನ ವಿದ್ಯೆ ಖರ್ಚು ಮಾಡಿದೆ: "ಅಕಸ್ಮಾತ್ತಾಗಿ ಬಿಸಿಲಿಗೆ ಸಿಲುಕಿದ್ದು." ಸಹಿಗೆ ಇಟ್ಟೆ.

ಮೇಡಂ ಓದಿದರು. "ಹೆಸ್ರು?"

"ನಮ್ಮನಮ್ಮಲ್ಲೇ ಅಲ್ವಾ ಮೇಡಂ," ಅಂದೆ. ದನಿ ನನಗೇ ಅಸಹ್ಯವಾಯಿತು. "ಹೊಸಬರು ಯಾರಾದರೂ ಓದಿದರೆ... ಆಸ್ಪತ್ರೆಯ ಗುಮಾಸ್ತನೇ ಹೀಗೆ ಅಂತ... ಮನೆಯಲ್ಲೂ ಇನ್ನೂ ಫೋನಿನ ವಿಷಯ ಹೇಳಿಲ್ಲ."

ಬೈಯುತ್ತಾರೆ ಅಂದುಕೊಂಡೆ. ಮೇಡಂ ಎದ್ದು ಹಿಂದಿನ ಕಬ್ಬಿಣದ ಬೀರುವಿನಿಂದ, ರಟ್ಟು ಕಿತ್ತುಹೋದ ಹಳೆಯ ರಿಜಿಸ್ಟರೊಂದನ್ನು ತೆಗೆದರು. ಮೊದಲನೆಯ ಪುಟ ಬಿಡಿಸಿ ನನ್ನ ಮುಂದೆ ಇಟ್ಟು, ಕಿಟಕಿಯ ಹತ್ತಿರ ಹೋಗಿ ಬೆನ್ನು ಮಾಡಿ ನಿಂತರು. ಅವರು ಬೇಲೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಕಾಲದ್ದು. ಮೊದಲ ಸಾಲು ಅವರದೇ ಅಕ್ಷರದಲ್ಲಿತ್ತು. ಹೆಣ್ಣು ನಾಯಿ, ಗರ್ಭಿಣಿ. ಏನು ತಪ್ಪಾಯಿತು: "ಒದ್ದೆ ಗೋಣಿಚೀಲ ಹೊದಿಸಿ, ತಂಪಾಯಿತು ಎಂದು ಬಿಟ್ಟು ಊಟಕ್ಕೆ ಹೋದೆ." ಸತ್ತಿತು. ಮಾಲೀಕರ ಹೆಸರಿನ ಮುಂದೆ ಮೊದಲು ರೈತರೊಬ್ಬರ ಹೆಸರು ಬರೆದು, ಅದನ್ನು ಹೊಡೆದುಹಾಕಿ, ಮೇಲೆ ತಮ್ಮ ಹೆಸರು ಬರೆದಿದ್ದರು.

ಮೂವತ್ತು ವರ್ಷ ರಿಜಿಸ್ಟರು ಇಟ್ಟವರು ಶುರುಮಾಡಿದ್ದು ತಮ್ಮಿಂದ. ಅವರು ತಿರುಗಿ ನೋಡಲಿ ಅಂತ ಕಾಯಲಿಲ್ಲ ನಾನು. "ಅಕಸ್ಮಾತ್ತಾಗಿ" ಅನ್ನುವುದನ್ನು ಹೊಡೆದುಹಾಕಿದೆ. ನನ್ನ ಹೆಸರು ಬರೆದೆ, ತಂದೆಯ ಹೆಸರಿನ ಸಮೇತ. ಪ್ರತಿ ಅಕ್ಷರಕ್ಕೂ ಪೆನ್ನು ತಡೆಯುತ್ತಿತ್ತು. "ಬೆಳಗಿನ ನೆರಳು ನಂಬಿ ಗಿಡ್ಡ ಸರಪಣಿಯಲ್ಲಿ ಕಟ್ಟಿದೆ. ಮೇಡಂ ಮೂರು ಸಲ ಫೋನ್ ಮಾಡಿದರೂ, ಊಟ ಮಾಡುತ್ತಿದ್ದ ಕಾರಣ ಎತ್ತಲಿಲ್ಲ." ಮೇಡಂ ಬಂದು ಓದಿ, "ಊಂ" ಅಂದು ಸಹಿ ಹಾಕಿದರು. ಆಮೇಲೆ ಎಂದಿನಂತೆ ಕ್ಯಾನಿಗೆ ನೀರು ತುಂಬಿಸಲು ಹೋದರು.

ಆ ಸಂಜೆ ಫೋನಿನ ವಿಷಯ, ರಿಜಿಸ್ಟರಿನ ವಿಷಯ ಎರಡನ್ನೂ ಮನೆಯಲ್ಲಿ ಹೇಳಿದೆ. ಕಾಫಿ ಲೋಟ ಕೆಳಗಿಟ್ಟು, ಎಲ್ಲಿ ನೋಡಬೇಕೋ ತಿಳಿಯದೆ ನೆಲ ನೋಡುತ್ತಾ ಹೇಳಿದೆ. ಹೆಂಡತಿ ಆ ಲೋಟ ಎತ್ತಿಕೊಂಡು ಹೋಗಿ ತೊಳೆದಿಟ್ಟು ಬಂದಳು. ಇನ್ನು ಮಾತು ಬಿಟ್ಟು ತವರಿಗೆ ಹೊರಡುತ್ತಾಳೆ ಅಂದುಕೊಂಡೆ.

"ಗೊತ್ತು," ಅಂದಳು. "ಪಕ್ಕದ ಎಲೆಯಲ್ಲೇ ಇದ್ದೆನಲ್ಲ. ಫೋನಿನಲ್ಲಿ ಮೇಡಂ ಹೆಸರೂ ಓದಿದೆ. ಎತ್ತಿ ಅಂತ ನಾನೂ ಅನ್ನಲಿಲ್ಲ. ನಮ್ಮ ಚಿಕ್ಕಪ್ಪನ ಮನೆ ಪಂಕ್ತಿ, ಏನಂದುಕೊಂಡಾರೋ ಅಂತ." ಆಮೇಲೆ, "ಮೇಡಂ ಫೋನೇ ಮಾಡಲಿಲ್ಲ ಅಂತ ಆಗಿದ್ದಿದ್ದರೆ ಒಳ್ಳೇದಿತ್ತು ಅನ್ನಿಸಿತು ನಂಗೆ. ಅದಕ್ಕೇ ಹಾಗೆ ಕೇಳಿದ್ದು" ಅಂದಳು. ಆ ರಾತ್ರಿ ಇಬ್ಬರೂ ಸರಿಯಾಗಿ ಊಟ ಮಾಡಲಿಲ್ಲ.

ಮಾರನೆಯ ದಿನ ಹನ್ನೆರಡು ಗಂಟೆಯ ಸುಡುಬಿಸಿಲಲ್ಲಿ ಅವಳು ಆಸ್ಪತ್ರೆಗೆ ನಡೆದೇ ಬಂದಳು. ಆಟೋ ಸಿಗಲಿಲ್ಲವಂತೆ. ಮುಖ ಕೆಂಪಾಗಿತ್ತು. ಮುತ್ತುವನ್ನು ನೋಡಲು ಬಂದಳು ಅಂತ ನಾನು ಎದ್ದೆ. ಅವಳು ನನ್ನನ್ನು ದಾಟಿ ನೇರವಾಗಿ ಮೇಡಂ ಮೇಜಿನ ಮುಂದೆ ನಿಂತಳು.

"ಮೇಡಂ, ನಿಮ್ಮ ಪುಸ್ತಕದಲ್ಲಿ ಇವರೊಬ್ಬರ ಹೆಸರೇ ಇದೆಯಂತೆ. ಫೋನ್ ಬಂದದ್ದು ನಾನೂ ನೋಡಿದ್ದೆ. ಗೊತ್ತಿದ್ದೂ ನಿಮ್ಮ ಮೇಲೆ ಹಾಕೋದಕ್ಕೆ ನೋಡಿದೆ. ನನ್ನ ಹೆಸರೂ ಬರೀಬೇಕು."

ಮೇಡಂ ರಿಜಿಸ್ಟರಿಗೆ ಕೈ ಹಾಕಲಿಲ್ಲ. ಎದ್ದು ತಮ್ಮ ಕುರ್ಚಿಯನ್ನು ಫ್ಯಾನಿನ ಕೆಳಕ್ಕೆ ಎಳೆದರು.

"ಮೊದ್ಲು ಕೂತ್ಕಳವ್ವ. ಈ ಬಿಸ್ಲಲ್ಲಿ ನಡ್ಕಂಡು ಬಂದಿದ್ದೀಯ."

ಮೂಲೆಯ ಮಡಕೆಯಿಂದ ನೀರು ತಂದು ಕೊಟ್ಟರು. "ಮೆಲ್ಲಕ್ಕೆ, ಗುಟುಕು ಗುಟುಕಾಗಿ" ಅಂದರು. ಅವಳು ಲೋಟ ಬರಿದು ಮಾಡಿ ಕೆಳಗಿಡುವವರೆಗೂ ಪಕ್ಕದಲ್ಲಿ ನಿಂತೇ ಇದ್ದರು. ಆಮೇಲೆ ರಿಜಿಸ್ಟರನ್ನು ಅವಳ ಕಡೆಗೆ ತಿರುಗಿಸಿ ಇಟ್ಟು, ಪೆನ್ನಿನ ಮುಚ್ಚಳ ತೆಗೆದು ಕೈಗೆ ಕೊಟ್ಟರು.